ಲಾರಿಗೊಂದು ವೂಫರ್ ಬಾಕ್ಸು: ಬಳಕೆದಾರರ ಕೈಪಿಡಿ

ವೂಫರ್ ಕೊಳ್ಳುವ ಮೊದಲು ಇದನ್ನು ಓದಿ. ಕೊಂಡಾಗಿದ್ದರೆ ಓದಿ ಪ್ರಯೋಜನವಿಲ್ಲ, ಆದರೂ ಓದಿ.

ಬೇಕಾದ ಸಾಮಾನು: ಹತ್ತು ಇಂಚಿನ ವೂಫರ್ ಒಂದು, ಆಂಪ್ಲಿಫೈಯರ್ ಒಂದು, 18 ಎಂ.ಎಂ. ಪ್ಲೈವುಡ್ಡು, ಫೆವಿಕಾಲ್, ಸ್ಕ್ರೂ, ಸಿಲಿಕಾನ್ ಟ್ಯೂಬು, ಹಳೇ ದಿಂಬು ಒಂದು, ಹೇಳಿದ್ದಕ್ಕೆಲ್ಲ ಹೂಂ ಅನ್ನುವ ಕ್ಲೀನರ್ ಹುಡುಗ ಒಬ್ಬ. ಎಂಡಿಎಫ್ ಬೇಡ. ಕಾರಿನವರು ಅದರಲ್ಲೇ ಮಾಡಿಸುತ್ತಾರೆ, ನಿಜ. ಆದರೆ ಅವರ ಡಿಕ್ಕಿಯಲ್ಲಿ ಮಳೆಗಾಲದ ಒದ್ದೆ ಟಾರ್ಪಾಲು, ನೀರು ಸೋರುವ ಹಗ್ಗ ಇರುವುದಿಲ್ಲ. ಒಮ್ಮೆ ನೀರು ಕುಡಿದು ಉಬ್ಬಿದ ಎಂಡಿಎಫ್ ಮತ್ತೆ ಇಳಿಯುವುದಿಲ್ಲ.

ಹಂತ 1: ಜಾಗ ಹುಡುಕುವುದು. ಟೇಪು ಹಿಡಿದು ಕ್ಯಾಬಿನ್ ಹತ್ತಿ. ಡ್ಯಾಶ್‌ಬೋರ್ಡಿನ ಮೇಲೆ ದೇವರು, ಊದುಬತ್ತಿ, ನಿಂಬೆಹಣ್ಣು. ಅದನ್ನು ಅಳೆಯುವಂತಿಲ್ಲ. ಎಂಜಿನ್ ಬಾನೆಟ್ಟಿನ ಪಕ್ಕ ಗೇರು, ಅದಕ್ಕೆ ತಾಗಿಕೊಂಡು ಕ್ಲೀನರನ ಮೊಣಕಾಲು. ಬರ್ತಿನ ಮೇಲೆ ಹಾಸಿಗೆ, ಕಂಬಳಿ, ಒಣಗಲು ಹಾಕಿದ ಲುಂಗಿ. ಬರ್ತಿನ ಕೆಳಗೆ ಜಾಕಿ, ಸ್ಟೌ, ಅಕ್ಕಿ ಡಬ್ಬಿ, ಈರುಳ್ಳಿ. ಬಾಗಿಲ ಹತ್ತಿರ 20 ಲೀಟರಿನ ನೀರಿನ ಕ್ಯಾನು. ಎಲ್ಲ ಅಳೆದು ಕೂಡಿ ಕಳೆದರೆ ಉಳಿಯುವುದು ಸೊನ್ನೆ. ಗಾಬರಿ ಬೇಡ, ಎಲ್ಲ ಲಾರಿಯ ಲೆಕ್ಕವೂ ಇದೇ. ಕ್ಯಾಬಿನ್ನಿನಲ್ಲಿ ಖಾಲಿ ಜಾಗ ಅಂತ ಇರುವುದಿಲ್ಲ, ಯಾರದ್ದಾದರೂ ಜಾಗವನ್ನು ತೆಗೆದುಕೊಳ್ಳಬೇಕು. ಯಾರದು ಎಂಬುದು ಮುಂದೆ ಬರುತ್ತದೆ. ಅಲ್ಲಿಯವರೆಗೆ ಈ ಕೈಪಿಡಿ ಕ್ಲೀನರನ ಕೈಗೆ ಸಿಗದಂತೆ ನೋಡಿಕೊಳ್ಳಿ.

ಹಂತ 2: ಆಸೆ ಬಿಡುವುದು. 1957ರಲ್ಲಿ ಅಮೆರಿಕದಲ್ಲಿ ಕೆಎಲ್‌ಎಚ್ ಎಂಬ ಸ್ಪೀಕರ್ ಕಂಪನಿ ಕಟ್ಟಿದ ಮೂವರಲ್ಲಿ ಹಾಫ್‌ಮನ್ ಒಬ್ಬರು. ಅವರ ಹೆಸರಿನಲ್ಲಿ ಒಂದು ನಿಯಮ ಉಳಿದಿದೆ: ಚಿಕ್ಕ ಬಾಕ್ಸು, ಆಳದ ಬೇಸು, ಕಡಿಮೆ ಪವರ್‌ಗೆ ಜೋರು ಸದ್ದು, ಈ ಮೂರರಲ್ಲಿ ಎರಡನ್ನು ಮಾತ್ರ ಆರಿಸಿಕೊಳ್ಳಬಹುದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮೂರನ್ನೂ ಕೊಡುತ್ತೇನೆ ಅನ್ನುವವರು ಸಿಗುತ್ತಾರೆ, ಬಿಲ್ಲು ಮಾತ್ರ ಕೇಳಬಾರದು. ಡಬ್ಬದ ಮೇಲಿನ '1000 ವ್ಯಾಟ್' ಅನ್ನು ಹಣೆಬರಹದಷ್ಟೇ ನಂಬಿ. ಒಳಗಿನ ಚೀಟಿಯಲ್ಲಿ ಆರ್‌ಎಂಎಸ್, ಅಂದರೆ ಎಡೆಬಿಡದೆ ಕೊಡುವ ಪವರ್, ಎಷ್ಟು ಅಂತ ಸಣ್ಣಕ್ಷರದಲ್ಲಿ ಇರುತ್ತದೆ, ಅದನ್ನು ಓದಿ.

ಹಂತ 3: ಅಳತೆ. ಕ್ಲೀನರ್ ಸೀಟಿನ ಬೆನ್ನಿಗೂ ಬರ್ತಿನ ಹಲಗೆಗೂ ನಡುವೆ ಒಂದು ಸಂದು ಇದೆ, ಮೇಲೆ ಕಿರಿದು, ಕೆಳಗೆ ಅಗಲ. ಬಾಕ್ಸಿಗೂ ಅದೇ ಆಕಾರ ಕೊಡಿ. ಒಳ ಅಳತೆಯಲ್ಲಿ ಅಗಲ 20 ಇಂಚು, ಎತ್ತರ 14, ಆಳ ಮೇಲೆ 3, ಕೆಳಗೆ 6. ಸರಾಸರಿ ಆಳ ನಾಲ್ಕೂವರೆ ಹಿಡಿದು ಗುಣಿಸಿದರೆ 1260 ಘನ ಇಂಚು, ಅಂದರೆ 20 ಲೀಟರಿಗೆ ತುಸು ಮೇಲೆ. ತೆಳ್ಳನೆಯ ಹತ್ತು ಇಂಚಿನ ವೂಫರ್‌ಗೆ, ಸುತ್ತ ಮುಚ್ಚಿದ ಬಾಕ್ಸಿನಲ್ಲಿ, ಇಷ್ಟು ಸಾಕು. ತೂತಿಟ್ಟು ಪೈಪು ಕೂರಿಸುವ ಬಾಕ್ಸಿನ ಆಸೆ ಇದ್ದರೆ ಇನ್ನೂ ದೊಡ್ಡ ಬಾಕ್ಸು ಬೇಕು, ಜೊತೆಗೆ ಇನ್ನೊಂದು ಲಾರಿಯೂ ಬೇಕು.

ನೀರಿನ ಕ್ಯಾನು ಕೂಡ 20 ಲೀಟರೇ ಎಂಬುದು ನಿಮಗೆ ಈಗ ಹೊಳೆದಿರಬಹುದು. ಆ ಯೋಚನೆ ಬೇಡ. ಮೇ ತಿಂಗಳಲ್ಲಿ ರಾಯಚೂರು ದಾಟುವಾಗ ಬೇಸ್ ಕುಡಿಯಲು ಬರುವುದಿಲ್ಲ.

ಇಷ್ಟು ಚಿಕ್ಕ ಬಾಕ್ಸಿನಿಂದ ಏನು ಬಂದೀತು ಎಂದು ಕೊರಗಬೇಡಿ. ಕ್ಯಾಬಿನ್ ಇಕ್ಕಟ್ಟಾಗಿರುವುದೇ ಇಲ್ಲಿ ಪುಣ್ಯ. ಸುಮಾರು 100 ಹರ್ಟ್ಸ್‌ಗಿಂತ ಕೆಳಗಿನ ಸದ್ದಿನ ಅಲೆ ಕ್ಯಾಬಿನ್ನಿಗಿಂತ ಉದ್ದವಾಗಿರುವುದರಿಂದ, ಕಿಟಕಿ ಏರಿಸಿದ್ದರೆ ಒಳಗಿನ ಗಾಳಿಯೆಲ್ಲ ಒಟ್ಟಿಗೇ ಒತ್ತಿಸಿಕೊಳ್ಳುತ್ತದೆ, ಬೇಸು ತಾನಾಗಿ ಏರುತ್ತದೆ. ಮುಧೋಳ, ಜಮಖಂಡಿ ಕಡೆ ಕಬ್ಬಿನ ಟ್ರ್ಯಾಕ್ಟರಿನವರಿಗೆ ಈ ಭಾಗ್ಯ ಇಲ್ಲ. ಕ್ಯಾಬಿನ್ನೇ ಇಲ್ಲದ ಮೇಲೆ ಒತ್ತುವುದಾದರೂ ಏನನ್ನು? ಅದಕ್ಕೇ ಅವರು ಡಬಲ್ ಟ್ರೈಲರಿಗೆ ತಕ್ಕ ಬಾಕ್ಸುಗಳನ್ನೇ ಕಟ್ಟಿಸುವುದು.

ಬೇಸಿಗೆ ಕ್ಯಾಬಿನ್ನಿನಲ್ಲೇ ಒಂದು ಎದುರಾಳಿಯೂ ಇದೆ. ಆರು ಸಿಲಿಂಡರಿನ ಎಂಜಿನ್ 1500 ಆರ್‌ಪಿಎಂನಲ್ಲಿ ಓಡುವಾಗ ಸೆಕೆಂಡಿಗೆ 75 ಸಲ ಸಿಡಿಯುತ್ತದೆ. ಅದು ಹೆಚ್ಚುಕಡಿಮೆ ನಿಮ್ಮ ವೂಫರಿನದ್ದೇ ಸ್ಥಾಯಿ. ಮಾಮೂಲಿ ಸ್ಪೀಕರಿನ ಡೋಲು ಲಾರಿ ನಿಂತಾಗ ಕೇಳಿ, ಹೊರಟಾಗ ಮಾಯವಾಗುವುದು ಇದರಿಂದಲೇ. ಡ್ರೈವರ್‌ಗೆ ಬೇಸಿನ ಹುಚ್ಚು ಅನ್ನುವವರು ಎಂಜಿನ್ ಪಕ್ಕ ಒಂದು ರಾತ್ರಿ ಕೂತು ಹಾಡು ಕೇಳಲಿ.

ಹಂತ 4: ಕಟ್ಟುವುದು. ಸ್ಕ್ರೂ ಬಿಗಿಯುವ ಮೊದಲು ಸಣ್ಣ ಬಿಟ್ಟಿನಲ್ಲಿ ತೂತು ಕೊರೆಯಿರಿ, ಇಲ್ಲದಿದ್ದರೆ ಪ್ಲೈ ಅಂಚು ಬಿರಿಯುತ್ತದೆ. ಮೂಲೆಮೂಲೆಗೂ ಸಿಲಿಕಾನ್ ಎಳೆದು ಒಂದು ರಾತ್ರಿ ಬಿಡಿ. ವೂಫರ್ ಕೂರಿಸಿದ ಮೇಲೆ ಕೋನಿನ ಎರಡೂ ಬದಿಗೆ ಬೆರಳಿಟ್ಟು ಸಮನಾಗಿ, ಮೆಲ್ಲಗೆ ಒತ್ತಿ ಬಿಡಿ. ಸೋಮಾರಿಯ ಹಾಗೆ ನಿಧಾನಕ್ಕೆ ಮೇಲೆದ್ದರೆ ಬಾಕ್ಸು ಬಿಗಿಯಾಗಿದೆ. ತಟ್ಟನೆ ಎದ್ದರೆ ಎಲ್ಲೋ ಗಾಳಿ ಸೋರುತ್ತಿದೆ, ಬಿಚ್ಚಿ. ಹೇಗೂ ಬಿಚ್ಚಿದ್ದೀರಿ, ದಿಂಬಿನೊಳಗಿನ ಪಾಲಿಯೆಸ್ಟರ್ ಅರಳೆಯನ್ನು ಸಡಿಲವಾಗಿ ತುಂಬಿ. ಬಾಕ್ಸು ತಾನಿರುವುದಕ್ಕಿಂತ ಸ್ವಲ್ಪ ದೊಡ್ಡದು ಎಂದು ವೂಫರ್ ನಂಬುತ್ತದೆ. ದಿಂಬು ಯಾರದು ಎಂಬ ಪ್ರಶ್ನೆಗೆ ಕೈಪಿಡಿಯಲ್ಲಿ ಜಾಗವಿಲ್ಲ.

ಹಂತ 5: ಕರೆಂಟು. ಇಲ್ಲಿ ತಮಾಷೆ ಇಲ್ಲ. ದೊಡ್ಡ ಲಾರಿಗೆ 24 ವೋಲ್ಟು, ಎರಡು ಬ್ಯಾಟರಿ ಸಾಲಾಗಿ. ಆಂಪ್ಲಿಫೈಯರ್‌ಗೆ 12. ಒಂದೇ ಬ್ಯಾಟರಿಯಿಂದ ವೈರು ಎಳೆದರೆ ಹಾಡು ಬರುತ್ತದೆ, ಎಲೆಕ್ಟ್ರಿಷಿಯನ್ನೂ ಹಾಗೇ ಮಾಡಿಕೊಟ್ಟಾನು. ಆ ಬ್ಯಾಟರಿ ದಿನಾ ಹಸಿದಿರುತ್ತದೆ, ಇನ್ನೊಂದಕ್ಕೆ ದಿನಾ ಅಜೀರ್ಣ; ಕೊನೆಗೆ ಶಿರಾಡಿ ಘಾಟಿಯಲ್ಲಿ ಸೆಲ್ಫ್ ಹೊಡೆದಾಗ ಎರಡೂ ಕೈ ಕೊಡುತ್ತವೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿಸಿ. 200 ವ್ಯಾಟ್ ಆರ್‌ಎಂಎಸ್ ಅಂದರೆ 18 ಆಂಪಿಯರಿನ ಆಸುಪಾಸು, 30ರ ಕನ್ವರ್ಟರ್ ಇದ್ದರೆ ನೆಮ್ಮದಿ. ಫ್ಯೂಸು ಬ್ಯಾಟರಿಯ ಪಕ್ಕದಲ್ಲೇ ಇರಲಿ. ತಗಡಿನ ತೂತಿನಲ್ಲಿ ವೈರು ಹಾಯುವ ಕಡೆ ರಬ್ಬರ್ ಬುಷ್ ಹಾಕದಿದ್ದರೆ ಬೆಂಕಿಗೆ ಪರ್ಮಿಟ್ ಕೊಟ್ಟ ಹಾಗೆ.

ಹಂತ 6: ಕೂರಿಸುವುದು. ಬಾಕ್ಸು ಸಂದಿನಲ್ಲಿ ಇಳಿಯುವುದಿಲ್ಲ. ಸೀಟಿನ ಬೆನ್ನನ್ನು ಮೂರು ಇಂಚು ಮುಂದಕ್ಕೆ ತಳ್ಳಿ, ಇಳಿಯುತ್ತದೆ. ಇನ್ನು ಮುಂದೆ ಕ್ಲೀನರ್ ಕೋರ್ಟಿನಲ್ಲಿ ಸಾಕ್ಷಿ ಹೇಳುವವನಂತೆ ನೆಟ್ಟಗೆ ಕೂರುತ್ತಾನೆ.

"ಅಣ್ಣಾ, ಒರಗೋಕಾಗಲ್ಲ."

"ಒರಗಿದ್ರೆ ನಿದ್ದೆ ಬರುತ್ತೆ ಕಣೋ. ನೀನು ನಿದ್ದೆ ಮಾಡಿದ್ರೆ ನಂಗೂ ಬರುತ್ತೆ."

ಇದು ಸುರಕ್ಷತಾ ಕ್ರಮ ಎಂದು ಹೇಳಿ ಹಾಡು ಹಾಕಿ.

ದೋಷ ಮತ್ತು ಪರಿಹಾರ. ಗರಗರ ಸದ್ದು ಬಂದರೆ ವೂಫರನ್ನು ಬೈಯಬೇಡಿ. ದೇವರ ಫೋಟೋದ ಫ್ರೇಮು, ಸ್ಟೌವಿನ ಮುಚ್ಚಳ, ಬಾಗಿಲ ತಗಡು, ಈ ಕ್ರಮದಲ್ಲಿ ಅಂಗೈಯಿಂದ ಒತ್ತಿ ನೋಡುತ್ತ ಹೋಗಿ. ಹಿಂದಿನವರ ಹಾರ್ನು ಕೇಳದಿದ್ದರೆ, ನಿಮ್ಮ ಲಾರಿಯ ಬೆನ್ನಿಗೆ 'ಸೌಂಡ್ ಹಾರ್ನ್' ಎಂದು ಬರೆಸಿದ್ದೀರಿ, ಪಾಪ, ಅವರು ಹೊಡೆಯುತ್ತಲೇ ಇದ್ದಾರೆ. ರಿವರ್ಸ್ ತೆಗೆಯುವಾಗ ಮಾತ್ರ ಹಾಡು ಕಡ್ಡಾಯವಾಗಿ ನಿಲ್ಲಿಸಿ. ಕ್ಲೀನರ್ ಹಿಂದಿನಿಂದ "ಬರ್ಲಿ, ಬರ್ಲಿ" ಎಂದು ಕೂಗಿ, ಸಾಕು ಅನ್ನಲು ಬಾಡಿಗೆ ಧಡ್ ಧಡ್ ಎಂದು ಬಡಿದರೆ ಅದು ತಾಳಕ್ಕೆ ಸರಿಯಾಗಿ ಕೂತುಬಿಡುತ್ತದೆ. ಗೋಡೆ ಹತ್ತಿರ ಬಂದದ್ದು ಗೊತ್ತಾಗುವುದಿಲ್ಲ.

ಓನರ್ ನೋಡಿ ಕೇಳಿದರೆ, "ಹುಡುಗನ ಹುಚ್ಚು ಅಣ್ಣ, ನಾನು ಬೇಡ ಅಂತಲೇ ಅಂದೆ" ಎನ್ನಿ. ಆ ಹೊತ್ತಿನಲ್ಲಿ ಹುಡುಗ ಹಿಂದಿನ ಟೈರಿಗೆ ಗಾಳಿ ನೋಡುತ್ತಿರುವಂತೆ ಮೊದಲೇ ಏರ್ಪಾಡು ಮಾಡಿಕೊಂಡಿರಿ.