ಲಿನಕ್ಸ್‌ನ ಮೌನವ್ರತ

ಲಿನಕ್ಸ್ ಹಾಕಿಸಿಕೊಂಡ ಕಂಪ್ಯೂಟರಿನಲ್ಲಿ ಎಲ್ಲವೂ ಸರಿಯಿರುತ್ತದೆ, ಸದ್ದೊಂದನ್ನು ಬಿಟ್ಟು. ವಿಡಿಯೊದಲ್ಲಿ ಗಾಯಕರು ಕೈಯೆತ್ತಿ ತಾನ ಹೊಡೆಯುತ್ತಿರುತ್ತಾರೆ, ಸ್ಪೀಕರ್ ತುಟಿಪಿಟಕ್ಕೆನ್ನುವುದಿಲ್ಲ. “ವಾಲ್ಯೂಮ್ ಜಾಸ್ತಿ ಮಾಡ್ರೀ” ಎಂದು ಅಡುಗೆಮನೆಯಿಂದ ಸಲಹೆ. ನೂರರಲ್ಲೇ ಇದೆ ಕಣೇ!

ಸೌಂಡ್ ಕಾರ್ಡಿನ ಜೊತೆ ನೇರವಾಗಿ ಮಾತಾಡುವುದು ಆಲ್ಸಾ ಎಂಬ ತಂತ್ರಾಂಶ. ಅದರ ಮೇಲೆ ಪಲ್ಸ್‌ಆಡಿಯೊ ಎಂಬ ಇನ್ನೊಂದು ಕೂತಿತ್ತು. 2021ರಲ್ಲಿ ಫೆಡೋರಾ ಎಂಬ ಲಿನಕ್ಸ್ ಬಗೆಯು ಆ ಕುರ್ಚಿಗೆ ಪೈಪ್‌ವೈರನ್ನು ತಂದಿತು. ಸರ್ಕಾರಿ ಕಚೇರಿಯ ಹಾಗೆ, ಫೈಲು ಯಾರ ಮೇಜಿನಲ್ಲಿ ನಿಂತಿದೆಯೆಂದು ಪತ್ತೆ ಹಚ್ಚುವುದೇ ಅರ್ಧ ಕೆಲಸ.

ಟರ್ಮಿನಲ್‌ನಲ್ಲಿ ಆಲ್ಸಾಮಿಕ್ಸರ್ ತೆರೆದು, ಎಫ್6 ಒತ್ತಿ ಸರಿಯಾದ ಕಾರ್ಡ್ ಆರಿಸಿ. ಪರದೆಯ ಮೇಲಿನ ವಾಲ್ಯೂಮ್ ಕಂಬದ ಬುಡದಲ್ಲಿ ‘ಎಂಎಂ’ ಎಂದಿದ್ದರೆ ಬಾಯಿಗೆ ಬೀಗ ಬಿದ್ದಿದೆ. ‘ಎಂ’ ಕೀಲಿ ಒತ್ತಿದರೆ ತೆರೆಯುತ್ತದೆ. ಕೆಲವು ಕಾರ್ಡುಗಳಲ್ಲಿ ಅದೇ ಸಾಲಿನಲ್ಲಿ ಆಟೊ-ಮ್ಯೂಟ್ ಎಂಬ ಮಹಾನುಭಾವನೂ ಇರುತ್ತಾನೆ. ಹೆಡ್‌ಫೋನ್ ಸಿಕ್ಕಿಸಿದ್ದಾರೆಂದು ತಾನೇ ತೀರ್ಮಾನಿಸಿ ಸ್ಪೀಕರ್ ಬಂದ್ ಮಾಡುವವನು ಇವನೇ. ಅವನನ್ನು ಡಿಸೇಬಲ್ ಮಾಡಿ, ಪಾಪ ತಟ್ಟುವುದಿಲ್ಲ.

ಆಮೇಲೂ ಸದ್ದಿಲ್ಲವೇ? ಸೆಟ್ಟಿಂಗ್ಸ್‌ನಲ್ಲಿ ಔಟ್‌ಪುಟ್ ನೋಡಿ. ಎಚ್‌ಡಿಎಂಐ ಕೇಬಲ್ಲು ಚಿತ್ರದ ಜೊತೆ ಸದ್ದನ್ನೂ ಒಯ್ಯುತ್ತದೆ. ಅದೇ ಆಯ್ಕೆಯಾಗಿದ್ದರೆ ಹಾಡೆಲ್ಲ ಸ್ಪೀಕರೇ ಇಲ್ಲದ ಮಾನಿಟರಿಗೆ ಹೋಗಿ ಅಲ್ಲೇ ಐಕ್ಯವಾಗಿರುತ್ತದೆ. ಔಟ್‌ಪುಟ್ ಬದಲಿಸಿದರೆ ಸಾಕು, ಮನೆ ತುಂಬ ಸಂಗೀತ. ಮೈಕಿನ ಕಥೆ ಬೇರೆ. ಅದು ಸಂಜೆ ಮಗಳ ವಿಡಿಯೊ ಕಾಲ್ ಬಂದಾಗ ಶುರುವಾಗುತ್ತದೆ.