ಎಷ್ಟು ಕೊಡ್ತದ?

ಭಾಲ್ಕಿ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ನಮ್ಮ ಮಾವನವರಿಗೆ ಎಮ್ಮೆ ಕೊಳ್ಳುವ ವಿದ್ಯೆ ಚೆನ್ನಾಗಿ ಗೊತ್ತು. ಸಂತೆಯಲ್ಲಿ ಎಮ್ಮೆಯ ಬೆನ್ನು ಸವರುತ್ತಾರೆ, ಹಲ್ಲು ನೋಡುತ್ತಾರೆ, ಸುತ್ತ ಎರಡು ಪ್ರದಕ್ಷಿಣೆ ಹಾಕುತ್ತಾರೆ. ಆಮೇಲೆ ಆಕಾಶ ನೋಡುತ್ತ, ತಮಗೇನೂ ಅಂಥ ಗರಜಿಲ್ಲವೆಂಬಂತೆ ಕೇಳುತ್ತಾರೆ: "ಎಷ್ಟು ಕೊಡ್ತದ?" ಮಾರುವವನು ಹತ್ತು ಲೀಟರ್ ಅಂದರೆ ಮನಸ್ಸಿನಲ್ಲಿ ಆರು ಎಂದು ಬರೆದುಕೊಳ್ಳುತ್ತಾರೆ. ಹಿಂದಿನ ಹೊತ್ತಿನ ಹಾಲು ಕರೆಯದೆ ಕೆಚ್ಚಲು ಬಿಗಿಯುವಂತೆ ಮಾಡಿ ಸಂತೆಗೆ ತರುವವರನ್ನು ಅವರು ಬಹಳ ಕಂಡಿದ್ದಾರೆ.

ನಾನು ಮೊದಲ ಸಲ ಕಾರು ತಗೊಂಡು ಆ ಅಂಗಳಕ್ಕೆ ಹೋದಾಗ ಅವರು ಬಾನೆಟ್ಟಿನ ಮೇಲೆ ಹಾಗೇ ಕೈಯಾಡಿಸಿದರು. ಟಯರು ನೋಡಿದರು. ಆಕಾಶ ನೋಡಿದರು. "ಎಷ್ಟು ಕೊಡ್ತದ ಅಳಿಯಾರ?"

"ಇಪ್ಪತ್ತೆರಡು ಕೊಡ್ತದ್ರಿ ಮಾವಾರ," ಅಂದೆ. ಷೋರೂಮಿನ ಹುಡುಗ ನನಗೆ ಹೇಳಿದ್ದೂ ಅಷ್ಟೇ, ಕಾಗದದಲ್ಲಿ ಅಚ್ಚಾಗಿದ್ದೂ ಅಷ್ಟೇ. ಅವರು ಹೂಂ ಅಂದರು. ಎಷ್ಟು ಬರೆದುಕೊಂಡರೋ ಹೇಳಲಿಲ್ಲ.

ನಾನಿರುವುದು ಹೈದರಾಬಾದಿನ ಜೀಡಿಮೆಟ್ಲಾದಲ್ಲಿ. ತೆಲುಗಿನಲ್ಲಿ ಜೀಡಿಪಪ್ಪು ಅಂದರೆ ಗೋಡಂಬಿ, ಮೆಟ್ಲು ಅಂದರೆ ಮೆಟ್ಟಿಲು. ಇಲ್ಲಿ ಎರಡೂ ಕಾಣುವುದಿಲ್ಲ. ಕಾಣುವುದು ಕಾರ್ಖಾನೆ, ಲಾರಿ ಮತ್ತು ಟ್ಯಾಂಕರು. ಔಷಧಿ, ರಸಾಯನ, ಪ್ಲಾಸ್ಟಿಕ್ ತಯಾರಿಸುವ ಊರು. ಸಂಜೆ ಗಾಳಿ ತಿರುಗಿದರೆ ಯಾವ ಘಟಕದಲ್ಲಿ ಏನು ಬೇಯುತ್ತಿದೆ ಎಂದು ಹಳಬರು ಮೂಗಿನಲ್ಲೇ ಹೇಳುತ್ತಾರೆ. ಈ ಊರಿನಲ್ಲಿ ಕಾರಿಟ್ಟವನಿಗೆ ಮೂರು ಭಾಷೆಗಳಲ್ಲಿ ಒಂದೇ ಪ್ರಶ್ನೆ ಎದುರಾಗುತ್ತದೆ. ತೆಲುಗಿನವರು "ಎಂತ ಇಸ್ತುಂದಿ?" ಅನ್ನುತ್ತಾರೆ, ದಖನಿಯವರು "ಕಿತ್ತಾ ದೇತೀ ಭಾಯ್?" ಅನ್ನುತ್ತಾರೆ, ನಮ್ಮ ಬೀದರಿನವರದು ಗೊತ್ತೇ ಇದೆ. ಮೂರರಲ್ಲೂ ಕ್ರಿಯಾಪದ 'ಕೊಡು'. ಪೆಟ್ರೋಲು ಸುರಿಯುವವರು ನಾವು, ದುಡ್ಡು ಎಣಿಸುವವರು ನಾವು. ಆದರೂ ಕಾರೇ ನಮಗೇನೋ ಕೊಡುತ್ತದೆಂಬ ಕೃತಜ್ಞತೆ. ಇನ್ನು ಅಳೆಯುವುದು ಕಿಲೋಮೀಟರಿನಲ್ಲಿ, ಕರೆಯುವುದು ಮೈಲೇಜ್ ಎಂದು. ಮೈಲಿಗಲ್ಲು ಹೋದರೂ ಮೈಲಿಯ ಋಣ ಹೋಗಿಲ್ಲ.

ಈ ಪ್ರಶ್ನೆಗೆ ಯಾರೂ ನಿಜ ಹೇಳುವುದಿಲ್ಲ. ಸಂಬಳ, ಮಗನ ಮಾರ್ಕು, ಕಾರಿನ ಮೈಲೇಜು, ಇವಕ್ಕೆಲ್ಲ ಎರಡೆರಡು ಅಂಕಿಗಳಿರುತ್ತವೆ. ನಾನೂ ಮೂರು ವರ್ಷ ಹದಿನೆಂಟು ಎಂದು ಹೇಳಿಕೊಂಡು ತಿರುಗಿದೆ. ಇಪ್ಪತ್ತೆರಡು ಎನ್ನಲು ನಾಲಿಗೆ ಹೊರಳುತ್ತಿರಲಿಲ್ಲ. ಹದಿನೈದು ಅಂದರೆ ಮರ್ಯಾದೆ ಪ್ರಶ್ನೆ. ಹದಿನೆಂಟು ಬಹಳ ಸಭ್ಯವಾದ ಸಂಖ್ಯೆ. ಕೇಳಿದವರು ಮುಂದೆ ಕೆದಕುವುದಿಲ್ಲ.

ನನ್ನ ಸುಖ ಕೆಡಿಸಿದವರು ಮೇಲಿನ ಮನೆಯ ರಾಯರು. ಬೆಂಗಳೂರಿನವರು, ಎಚ್‌ಎಂಟಿಯಲ್ಲಿದ್ದವರು. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಆ ಕಾರ್ಖಾನೆಯ ಒಂದು ಕೊಂಬೆ ಇಲ್ಲೇ ಚಿಂತಲ್ ಹತ್ತಿರ ಬಂದಿತ್ತು. ಅದರ ಹಿಂದೆಯೇ ಬಂದ ಕನ್ನಡದ ಮನೆಗಳಲ್ಲಿ ಅವರದೂ ಒಂದು. ಇವತ್ತಿಗೂ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಕೈಗಡಿಯಾರಕ್ಕೆ ಕೀಲಿ ಕೊಡುತ್ತಾರೆ. ಜೀವಮಾನವೆಲ್ಲ ಮೈಕ್ರಾನ್ ಲೆಕ್ಕದಲ್ಲಿ ಉಕ್ಕು ಕೆತ್ತಿಸಿದ ಮನುಷ್ಯರ ಮುಂದೆ ಒಂದು ದಿನ ಬಾಯಿತಪ್ಪಿ ಹದಿನೆಂಟು ಅಂದುಬಿಟ್ಟೆ.

"ಹದಿನೆಂಟು ಅಂದ್ರೆ? ಹದಿನೆಂಟು ಪಾಯಿಂಟ್ ಎಷ್ಟು?"

"ಸುಮಾರು ಹದಿನೆಂಟು, ಸಾರ್."

"ಸುಮಾರು ಅನ್ನೋ ಸಂಖ್ಯೆ ಯಾವ ಸ್ಕೇಲಿನಲ್ಲೂ ಇಲ್ಲ ಕಣ್ರೀ," ಅಂದರು.

ಮರುದಿನವೇ ಒಂದು ನೋಟ್‌ಬುಕ್ಕು ಬಂತು. ನಾಲ್ಕು ಕಾಲಂ ಗೆರೆ ಎಳೆದೇ ಕೊಟ್ಟಿದ್ದರು. ವಿಧಾನ ಸರಳ. ಟ್ಯಾಂಕು ತುಂಬಿಸು, ಓಡಿಸು, ಮತ್ತೆ ತುಂಬಿಸು. ಓಡಿದ ಕಿಲೋಮೀಟರನ್ನು ಎರಡನೆಯ ಸಲ ಹಿಡಿಸಿದ ಲೀಟರಿನಿಂದ ಭಾಗಿಸು. ಆದರೆ ಅದೇ ಬಂಕು, ಅದೇ ಪಂಪು ಆಗಬೇಕು, ಕಾರು ಅದೇ ದಿಕ್ಕಿಗೆ ನಿಂತಿರಬೇಕು, ನಳಿಕೆ ತಾನಾಗಿ 'ಟಕ್' ಎಂದು ನಿಂತಾಗ ನಿಲ್ಲಿಸಬೇಕು. ಒಂದು ಸಲದ ಲೆಕ್ಕ ನಂಬಬಾರದು, ಆರು ಸಲದ್ದು ಕೂಡಿಸಬೇಕು.

ಬಂಕಿನ ಹುಡುಗನಿಗೆ ಈ ಶಾಸ್ತ್ರ ತಿಳಿಸಿ ಹೇಳುವುದೇ ಒಂದು ಸಾಹಸ. ಆತ ಪದ್ಧತಿಯಂತೆ "ಜೀರೋ ಚೂಸ್ಕೋಂಡಿ ಸಾರ್" ಎಂದು ಮೀಟರು ತೋರಿಸಿ ನಳಿಕೆ ಇಟ್ಟ. ಟಕ್ ಅಂತು. ಮೀಟರಿನಲ್ಲಿ 2,386 ರೂಪಾಯಿ. ಅವನ ಬೆರಳು ಮತ್ತೆ ಟ್ರಿಗರಿನ ಮೇಲೆ. "ಸಾಕು," ಅಂದೆ. "ರೌಂಡ್ ಫಿಗರ್ ಸಾರ್," ಅಂದ. "ಬೇಡ." ಅವನು ನನ್ನನ್ನು ನೋಡಿದ ನೋಟದಲ್ಲಿ ಹದಿನಾಲ್ಕು ರೂಪಾಯಿಗೆ ಜೀವ ಬಿಡುವ ಲೋಭಿಯೊಬ್ಬನ ಚಿತ್ರವಿತ್ತು. ಹಿಂದಿನ ಆಟೋದವನು ಹಾರ್ನ್ ಹೊಡೆದ. ವಿಜ್ಞಾನಕ್ಕಾಗಿ ಅವಮಾನ ಸಹಿಸಿದವರಲ್ಲಿ ನಾನು ಮೊದಲಿಗನೇನಲ್ಲ.

ಆರು ಟ್ಯಾಂಕು ಮುಗಿದಾಗ ರಾಯರು ಕನ್ನಡಕ ಮೂಗಿಗಿಳಿಸಿ ಕೂಡಿಸಿ ಭಾಗಿಸಿದರು. 13.8.

ಕಂಪನಿಯವರು ಸುಳ್ಳು ಹೇಳಿದರೆಂದು ನಾನು ಕೂಗಾಡಿದೆ. ರಾಯರು ಒಪ್ಪಲಿಲ್ಲ. ಆ ಇಪ್ಪತ್ತೆರಡು ಹುಟ್ಟುವ ಬಗೆಯನ್ನು ಅವರು ವಿವರಿಸಿದ ಮೇಲೆ ನನಗೂ ಅದರ ಮೇಲೆ ಒಂಥರಾ ಗೌರವ ಬಂತು. ಎಆರ್‌ಎಐ ಎಂದು ಪುಣೆಯಲ್ಲಿ 1966ರಿಂದ ಇರುವ ಸಂಸ್ಥೆ ಕಾರುಗಳ ಮೈಲೇಜು ಪರೀಕ್ಷಿಸುತ್ತದೆ. ಇಂಥ ಪರೀಕ್ಷೆಯಲ್ಲಿ ಕಾರನ್ನು ರಸ್ತೆಗೆ ಇಳಿಸುವುದೇ ಇಲ್ಲ. ಉರುಳೆಗಳ ಮೇಲೆ ಚಕ್ರ ಇಡುತ್ತಾರೆ. ಕಾರು ಓಡುತ್ತದೆ, ಎಲ್ಲೂ ಹೋಗುವುದಿಲ್ಲ. ಎದುರಿಗೊಂದು ಫ್ಯಾನು. ಪರದೆಯ ಮೇಲಿನ ಗೆರೆ ಹೇಳಿದಂತೆ ಚಾಲಕ ವೇಗ ಏರಿಸಿ ಇಳಿಸಬೇಕು. ಊರೊಳಗಿನ ಓಟದ ನಾಲ್ಕು ಸುತ್ತು, ಆಮೇಲೆ ಹೆದ್ದಾರಿಯ ನಟನೆ, ಅದೂ ಗಂಟೆಗೆ 90 ಕಿ.ಮೀ. ಮೀರದಂತೆ. ಒಟ್ಟು 1180 ಸೆಕೆಂಡು, ಹತ್ತು ಕಿ.ಮೀ. ಚಿಲ್ಲರೆ. ಏಸಿ ಬಂದ್. ಕುಡಿದ ಪೆಟ್ರೋಲನ್ನು ಲೋಟದಲ್ಲಿ ಅಳೆಯುವುದೂ ಇಲ್ಲ. ಹೊಗೆಯನ್ನು ಚೀಲದಲ್ಲಿ ಹಿಡಿದು, ಅದರೊಳಗಿನ ಇಂಗಾಲವನ್ನು ಲೆಕ್ಕ ಹಾಕಿ, ಇಷ್ಟು ಹೊಗೆಗೆ ಇಷ್ಟು ಪೆಟ್ರೋಲು ಉರಿದಿರಬೇಕು ಎಂದು ಹೇಳುತ್ತಾರೆ. ಎಂಜಲೆಲೆ ನೋಡಿ ಊಟ ಲೆಕ್ಕ ಹಾಕಿದ ಹಾಗೆ. ಎಲ್ಲ ಕಾರಿಗೂ ಒಂದೇ ಪರೀಕ್ಷೆಯಾದ್ದರಿಂದ ಒಂದರ ಪಕ್ಕ ಒಂದನ್ನಿಟ್ಟು ತೂಗಲು ಅದು ಸರಿಯಾದ ತಕ್ಕಡಿಯೇ. ಆದರೆ ಆ ಉರುಳೆಯ ಮೇಲೆ ಶಾಪೂರ್‌ನಗರದ ಸಿಗ್ನಲ್ ಇಲ್ಲ.

ನನ್ನ ಕಚೇರಿ ಖೈರತಾಬಾದಿನಲ್ಲಿ. ಶಾಪೂರ್‌ನಗರ, ಚಿಂತಲ್, ಐಡಿಪಿಎಲ್, ಬಾಲಾನಗರ, ಫತೇನಗರ ದಾಟಿ 16 ಕಿ.ಮೀ.; ಒಂದು ಗಂಟೆ ಹತ್ತು ನಿಮಿಷ. ಮನೆ ಬಿಟ್ಟ ಮೊದಲ ಎರಡು ಕಿಲೋಮೀಟರು ಎಂಜಿನ್ನಿಗೆ ಇನ್ನೂ ಮೈ ಕಾದಿರುವುದಿಲ್ಲ, ಹಾಗಾಗಿ ಹೆಚ್ಚು ಕುಡಿಯುತ್ತದೆ. ಚಹಾ ಇಲ್ಲದೆ ಏಳದ ನನ್ನನ್ನು ನೋಡಿ ಕಲಿತದ್ದಿರಬೇಕು. ಅಷ್ಟರಲ್ಲಿ ಸಿಗ್ನಲ್. ಮುಂದೊಂದು ರಸಾಯನದ ಟ್ಯಾಂಕರು, ಹಿಂಬದಿಯಲ್ಲಿ ತಲೆಬುರುಡೆ ಮತ್ತು ಎರಡು ಎಲುಬಿನ ಚಿತ್ರ. ಎಡಕ್ಕೆ ಷೇರ್ ಆಟೋ, ಬಲಕ್ಕೆ ಕಾರ್ಖಾನೆಯ ಶಿಫ್ಟ್ ಬಸ್ಸು. ನನ್ನದು ಒಂದು ಲೀಟರ್ ಎಂಜಿನ್ನು. ಇಂಥದ್ದು ಸುಮ್ಮನೆ ನಿಂತು ಗುರುಗುಟ್ಟಿದರೂ ಗಂಟೆಗೆ ಅರ್ಧ ಲೀಟರಿನಷ್ಟು ಉರಿಸುತ್ತದೆ. ಏಸಿ ಹಾಕಿದರೆ ಇನ್ನೂ ಹೆಚ್ಚು. ಆಫ್ ಮಾಡೋಣವೆಂದು ಕೀಲಿಗೆ ಕೈ ಹಾಕುವುದಕ್ಕೂ ಹಸಿರು ಬೀಳುವುದಕ್ಕೂ ಯಾವುದೋ ಒಪ್ಪಂದವಿದೆ.

ಈ ದಾರಿಯಲ್ಲಿ ಒಂದು ಸುಖದ ಗಳಿಗೆಯೂ ಉಂಟು. 2021ರಲ್ಲಿ ಶುರುವಾದ ಬಾಲಾನಗರದ ಫ್ಲೈಓವರ್. ಅದರ ಇಳುಕಲಿನಲ್ಲಿ ಗೇರಿನಲ್ಲೇ ಇದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಎಂಜಿನ್ನಿಗೆ ಪೆಟ್ರೋಲು ಹೋಗುವುದೇ ನಿಲ್ಲುತ್ತದೆ. ಡ್ಯಾಷ್‌ಬೋರ್ಡಿನ ಪುಟ್ಟ ಪರದೆಯಲ್ಲಿ ಮೈಲೇಜು 99.9 ಎಂದು ಬೆಳಗುತ್ತದೆ. ಅಷ್ಟಕ್ಕಿಂತ ದೊಡ್ಡ ಅಂಕಿ ಬರೆಯಲು ಪರದೆಯಲ್ಲಿ ಜಾಗವಿಲ್ಲ. ಇಪ್ಪತ್ತು ಸೆಕೆಂಡು ನಾನು ಚಕ್ರವರ್ತಿ. ಕೆಳಗಿಳಿದು ಬಸ್ಸಿನ ಹಿಂದೆ ನಿಂತು ಮತ್ತೆ ಒಂದನೇ ಗೇರು ಹಾಕಿದೊಡನೆ 4.2.

ಏಸಿಯ ವಿಷಯ ಬೇಡ. ಏಪ್ರಿಲ್ ತಿಂಗಳಲ್ಲಿ ಪ್ರಯೋಗಕ್ಕಾಗಿ ಒಂದು ಟ್ಯಾಂಕು ಏಸಿ ಇಲ್ಲದೆ ಓಡಿಸೋಣವೆಂದೆ. "ಪ್ರಯೋಗ ನೀವು ಮಾಡ್ರಿ, ನಾನು ಬಸ್ಸಿಗೆ ಬರ್ತೀನಿ," ಅಂದಳು ಹೆಂಡತಿ. ಆ ಕಾಲಂ ನೋಟ್‌ಬುಕ್ಕಿನಲ್ಲಿ ಖಾಲಿ ಉಳಿದಿದೆ.

ಮರುವಾರ ರಾಯರು ಮತ್ತೆ ಕೆಳಗಿಳಿದು ಬಂದರು. ಅವರಿಗೆ ರಾತ್ರಿಯೆಲ್ಲ ಏನೋ ಕೊರೆದಿತ್ತು. 16 ಕಿಲೋಮೀಟರಿಗೆ ಒಂದು ಗಂಟೆ ಹತ್ತು ನಿಮಿಷ ಅಂದರೆ ಗಂಟೆಗೆ 13.7 ಕಿ.ಮೀ. ಲೀಟರಿಗೆ 13.8. "ನೋಡಿ, ನಿಮ್ಮ ಕಾರು ಕಿಲೋಮೀಟರಿಗೆ ಕುಡಿಯಲ್ಲ ಕಣ್ರೀ. ಗಂಟೆಗೆ ಒಂದು ಲೀಟರ್ ಕುಡಿಯುತ್ತೆ, ಅಷ್ಟೇ. ಅಷ್ಟು ಹೊತ್ತಿನಲ್ಲಿ ನೀವು ಎಷ್ಟು ದೂರ ಹೋದಿರಿ ಅನ್ನೋದು ನಿಮ್ಮ ಹಣೆಬರಹ." ಆಗ ಹೈದರಾಬಾದಿನಲ್ಲಿ ಪೆಟ್ರೋಲು ಲೀಟರಿಗೆ 107 ರೂಪಾಯಿ ಚಿಲ್ಲರೆ ಇತ್ತು. ಅಲ್ಲಿಂದಾಚೆಗೆ ಸಿಗ್ನಲ್ಲಿನಲ್ಲಿ ಕೂತರೆ ನನಗೆ ಕಿವಿಯಲ್ಲಿ ಆಟೋ ಮೀಟರಿನ ಶಬ್ದ. ನನ್ನ ಕಾರಿಗೆ ನಾನೇ ವೇಟಿಂಗ್ ಚಾರ್ಜು ಕೊಡುತ್ತಿದ್ದೇನೆ.

ಇನ್ನೊಂದು ಸಂಗತಿಯನ್ನೂ ರಾಯರು ಹೇಳಿದರು, ಅದನ್ನು ಮನೆಯಲ್ಲಿ ಹೇಳುವ ಧೈರ್ಯ ನನಗಿಲ್ಲ. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆತ ಪೆಟ್ರೋಲು. ಎಥೆನಾಲಿನ ಕಸುವು ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ. ಹಳೆಯ ಕಾರುಗಳ ಮೈಲೇಜು ಶೇ 6–7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಎಥೆನಾಲು ಎಲ್ಲಿಂದ? ಬಹುಪಾಲು ಕಬ್ಬು, ಧಾನ್ಯಗಳಿಂದ. ನಮ್ಮ ಮಾವನವರದು ನಾಲ್ಕು ಎಕರೆ ಕಬ್ಬು. ಅವರ ಹೊಲದ ರಸವೇ ಊರೂರು ಸುತ್ತಿ ನನ್ನ ಟ್ಯಾಂಕಿಗೆ ಬಂದಿದ್ದರೂ ಬಂದಿರಬಹುದು. ಮಾವನ ಮನೆಯಿಂದ ಬಂದ ಪದಾರ್ಥವನ್ನು ಕಸುವಿಲ್ಲದ್ದು ಎನ್ನುವಂತಿಲ್ಲ.

ದಸರೆಗೆ ಭಾಲ್ಕಿಗೆ ಹೊರಟೆವು. 180 ಕಿ.ಮೀ. ಹತ್ತಿರ. ಕಾರಿನ ನಿಜವಾದ ಯೋಗ್ಯತೆ ಈಗ ಗೊತ್ತಾಗಲಿ ಎಂದು ದುಂಡಿಗಲ್ಲಿನ ಹತ್ತಿರ ಹೊರವರ್ತುಲ ರಸ್ತೆ ಹತ್ತಿದವನೇ 80ಕ್ಕೆ ಕಾಲು ನಿಲ್ಲಿಸಿದೆ. 120ರವರೆಗೆ ಹೋಗಬಹುದಾದ ರಸ್ತೆ ಅದು. ಆದರೆ ವೇಗ ಒಂದೂವರೆ ಪಟ್ಟಾದರೆ ಗಾಳಿಯ ತಡೆ ಎರಡೂಕಾಲು ಪಟ್ಟಾಗುತ್ತದೆಂದು ರಾಯರು ಬರೆದುಕೊಟ್ಟಿದ್ದರು. ಕೋಳಿ ತುಂಬಿದ ವ್ಯಾನೊಂದು ನಮ್ಮನ್ನು ದಾಟಿಹೋಯಿತು. ಪಂಜರದ ಕೋಳಿಗಳು ತಿರುಗಿ ನೋಡಿದವು. "ನಾಳಿ ಆಯುಧಪೂಜಿ. ಅಷ್ಟೊತ್ತಿಗೆ ಮುಟ್ತೀವಿಲ್ರಿ?" ಅಂದಳು ಹೆಂಡತಿ. ಪಟಾನ್‌ಚೆರು, ಸಂಗಾರೆಡ್ಡಿ, ಸದಾಶಿವಪೇಟೆ, ಜಹೀರಾಬಾದು. ಅಲ್ಲಿ ಬಲಕ್ಕೆ ತಿರುಗಿದರೆ ಮಣ್ಣು ಕೆಂಪಾಗುತ್ತದೆ, ಸ್ವಲ್ಪ ಹೊತ್ತಿಗೆ ಬೋರ್ಡುಗಳು ಕನ್ನಡವಾಗುತ್ತವೆ. ಪೆಟ್ರೋಲು ಲೀಟರಿಗೆ ನಾಲ್ಕು ರೂಪಾಯಿಯ ಹತ್ತಿರ ಇಳಿಯುತ್ತದೆ, ಬಂಕು ಎಂಬುದು 'ಪಂಪ್' ಆಗುತ್ತದೆ. 1956ರ ನವೆಂಬರ್ 1ರವರೆಗೆ ಬೀದರವೂ ಹೈದರಾಬಾದ್ ರಾಜ್ಯವೇ ಆಗಿತ್ತು. ರಾಜ್ಯ ಬೇರೆಯಾದದ್ದರ ಲಾಭವನ್ನು ನಮ್ಮ ಬಂಧುಬಳಗ ಈಗ ಟ್ಯಾಂಕು ತುಂಬಿಸಿಕೊಂಡು ಪಡೆಯುತ್ತಿದೆ. ಭಾಲ್ಕಿಯಲ್ಲಿ ತುಂಬಿಸಿ ಭಾಗಿಸಿದೆ: 20.4. ಬೀದರದ ಪ್ರಸ್ಥಭೂಮಿ ಹೈದರಾಬಾದಿಗಿಂತ ನೂರು ಮೀಟರಿಗೂ ಹೆಚ್ಚು ಎತ್ತರ, ಆ ಏರನ್ನೂ ಹತ್ತಿ ಬಂದದ್ದು ಇಷ್ಟು. ಬೇರೆ ಪಂಪಾದ್ದರಿಂದ ರಾಯರು ಇದನ್ನು ಮಾನ್ಯ ಮಾಡಲಿಲ್ಲ, ಅದು ಬೇರೆ ಮಾತು.

ಸಂಜೆ ಮಾವನವರಿಗೆ ನೋಟ್‌ಬುಕ್ಕು ತೋರಿಸಿ ಎಲ್ಲ ಒಪ್ಪಿಕೊಂಡೆ. ಅವರು 13.8ಕ್ಕೆ ನಗಲಿಲ್ಲ. "ದಿನಾ ಎಷ್ಟು ತಾಸು ನಿಂತಿರ್ತದ್ರಿ?" ಅಂದರು. ಗಂಟೆಗೆ ಒಂದು ಲೀಟರಿನ ಕಥೆ ಹೇಳಿದೆ. "ಹಂಗಂದ್ರ ಟ್ರ್ಯಾಕ್ಟರ್ ಲೆಕ್ಕ ಅನ್ರಿ. ನಾವೂ ತಾಸಿನ ಮ್ಯಾಲೇ ರೊಕ್ಕ ಕೊಡ್ತೀವಿ. ಖರೆ, ಅದು ಹೊಲ ಆದ್ರೂ ಹರಗತದ."

ಅಷ್ಟರಲ್ಲಿ ಅಂಗಳಕ್ಕೆ ಹೊಸ ಕಾರೊಂದು ಬಂತು. ನನ್ನ ಹೆಂಡತಿಯ ದೊಡ್ಡಪ್ಪನ ಮಗ, ಕಲಬುರಗಿಯಲ್ಲಿರುವವನು. ಬಾಗಿಲು ತೆರೆದಿಟ್ಟೇ ಇಳಿದು, ಯಾರೂ ಕೇಳುವ ಮೊದಲೇ ತನ್ನದು ಇಪ್ಪತ್ನಾಲ್ಕು ಕೊಡುತ್ತದೆ ಎಂದ. ಆಮೇಲೆ ನನ್ನ ಕಾರಿನ ಕಡೆ ಗದ್ದ ಎತ್ತಿದ. "ಭಾವಾ, ನಿಂದು ಎಷ್ಟು ಕೊಡ್ತದ?"

ನೋಟ್‌ಬುಕ್ಕು ನನ್ನ ಕೈಯಲ್ಲೇ ಇತ್ತು. ಬಾಯಿ ತೆರೆದೆ. ಚಹಾದ ತಾಟು ಹಿಡಿದು ಒಳಗಿನಿಂದ ಬಂದ ಹೆಂಡತಿ ನನಗಿಂತ ಮೊದಲೇ ಹೇಳಿದಳು:

"ಹದಿನೆಂಟು. ಅದೂ ಹೈದರಾಬಾದ್ ಟ್ರಾಫಿಕ್ಕಿನಾಗ."

ಮಾವನವರು ನನ್ನ ಕಡೆ ನೋಡದೆ ಎದ್ದು, ಎಮ್ಮೆಗೆ ಹಿಂಡಿ ಕಲಸಲು ಹೋದರು.