ಗಟ್ಟಿಯಾಯ್ತಾ?

ನಮ್ಮ ಬಡಾವಣೆಯ ಪಾರ್ಕಿನ ಗೇಟಿಗೆ ಎರಡು ಬೋರ್ಡು ನೇತುಹಾಕಿದ್ದಾರೆ. ಒಂದರಲ್ಲಿ ‘ಹೂ ಕೀಳಬಾರದು’ ಎಂದಿದೆ. ಹೂ ಕೀಳುವವರು ಯಾರೂ ಅದನ್ನು ಓದುವುದಿಲ್ಲ. ಇನ್ನೊಂದರಲ್ಲಿ ‘ನಾಯಿಗಳಿಗೆ ಪ್ರವೇಶವಿಲ್ಲ’ ಎಂದಿದೆ. ಅದನ್ನು ನಾಯಿಗಳನ್ನು ಬಿಟ್ಟು ಮಿಕ್ಕವರೆಲ್ಲ ಓದಿ ಬಾಯಿಪಾಠ ಮಾಡಿಕೊಂಡಿದ್ದಾರೆ. ಹಾಗಾಗಿ ಬೆಳಗಿನ ಆರರ ಹೊತ್ತಿಗೆ ಗೇಟಿನ ಒಳಗೆ ನಗೆಕೂಟದವರು ಕೈ ಮೇಲೆತ್ತಿ ಹೊಹ್ಹೋ ಎನ್ನುತ್ತಿದ್ದರೆ, ಹೊರಗೆ ಹೊಂಗೆಮರದ ಬುಡದಲ್ಲಿ ಚೈನು ಹಿಡಿದು ನಿಂತ ನಾವು ಗಂಭೀರವಾಗಿ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಿರುತ್ತೇವೆ.

“ಇವತ್ತು ಗಟ್ಟಿಯಾಯ್ತಾ ಸಾರ್?”

“ಆಯ್ತು. ನಿನ್ನೆಗಿಂತ ಎಷ್ಟೋ ವಾಸಿ. ಬಣ್ಣಾನೂ ತಿರುಗಿದೆ.”

“ಸದ್ಯ, ದೇವರು ದೊಡ್ಡೋನು.”

ದಾರಿಹೋಕರು ಇದು ಮೈಸೂರು ಪಾಕಿನ ಮಾತಿರಬೇಕು ಎಂದುಕೊಂಡು ಮುಂದೆ ಹೋಗುತ್ತಾರೆ. ಹಾಗೇ ಅಂದುಕೊಳ್ಳಲಿ. ಮೂವತ್ತು ವರ್ಷ ಹೈಕೋರ್ಟಿನಲ್ಲಿ ವಾದ ಮಾಡಿದವರು, ಬ್ಯಾಂಕಿನಲ್ಲಿ ಕೋಟಿಗಟ್ಟಲೆ ಸಾಲ ಮಂಜೂರು ಮಾಡಿದವರು ಪ್ಲಾಸ್ಟಿಕ್ ಕವರನ್ನು ಕೈಗೆ ಏರಿಸಿಕೊಂಡು, ಬಗ್ಗಿ, ಮಲದ ಲಕ್ಷಣಗಳನ್ನು ಪರಿಶೀಲಿಸಿ ಅಭಿಪ್ರಾಯ ಕೊಡುತ್ತಾರೆ ಎಂದರೆ ಲೋಕ ನಂಬುವುದಿಲ್ಲ.

ನಮ್ಮಲ್ಲಿ ಯಾರಿಗೂ ಇನ್ನೊಬ್ಬರ ಹೆಸರು ಗೊತ್ತಿಲ್ಲ. ನನ್ನ ಮೊಬೈಲಿನಲ್ಲಿರುವುದು ‘ಸಿಂಬ ಅಮ್ಮ’, ‘ಭೀಮ ವಕೀಲರು’, ‘ಟಾಮಿ ತಾತ’, ‘ಲಡ್ಡು ಅಪ್ಪ’. ಅವರೆಲ್ಲರ ಮೊಬೈಲಿನಲ್ಲಿ ನಾನು ‘ಕೆಂಚನ ಅಪ್ಪ’. ಇದು ನನ್ನ ಹೆಂಡತಿಗೆ ಸ್ವಲ್ಪ ಬೇಜಾರು. “ಸ್ವಂತ ಮಗ ಇಂಜಿನಿಯರಾದ, ಅವನ ಹೆಸರು ಹೇಳಿ ಒಬ್ಬರೂ ನಿಮ್ಮನ್ನ ಕರೀಲಿಲ್ಲ. ಈ ಬೀದಿ ನಾಯಿಯಿಂದ ನಿಮಗೆ ಕೀರ್ತಿ ಬಂತು” ಅನ್ನುತ್ತಾಳೆ. ಕೆಂಚ ಬೀದಿಯವನೇ, ಸುಳ್ಳಲ್ಲ. ಮಳೆಗಾಲದಲ್ಲಿ ಪಕ್ಕದ ಖಾಲಿ ಸೈಟಿನ ಚರಂಡಿಯಿಂದ ಎತ್ತಿ ತಂದದ್ದೂ ಅವಳೇ.

ಈ ಕೆಂಚ ಒಂದು ದಿನ ಊಟದ ತಟ್ಟೆಯ ಮುಂದೆ ಕೂತು ಮುಖ ತಿರುಗಿಸಿದ. ನಾಯಿ ಅನ್ನ ಬಿಟ್ಟಿತು ಎನ್ನುವುದು ನಮ್ಮ ಹೊಂಗೆಮರದ ಬಳಗದಲ್ಲಿ ಸರ್ಕಾರ ಬಿತ್ತು ಎನ್ನುವುದಕ್ಕಿಂತ ದೊಡ್ಡ ಸುದ್ದಿ. ಅರ್ಧ ಗಂಟೆಯೊಳಗೆ ಸಿಂಬ ಅಮ್ಮ ಥರ್ಮಾಮೀಟರ್ ಹಿಡಿದು ಬಂದರು. ಅದರ ತುದಿಗೆ ಕೆಂಪು ನೇಲ್ ಪಾಲಿಶ್ ಹಚ್ಚಿತ್ತು. ಮನೆಯ ಮನುಷ್ಯರ ಥರ್ಮಾಮೀಟರಿಗೂ ಇದಕ್ಕೂ ಅದಲು ಬದಲಾಗಬಾರದು ಎಂದು. ಇದನ್ನು ಬಾಯಿಗಿಡುವುದಲ್ಲ ಎಂಬುದು ಗೊತ್ತಿರುವವರಿಗೆ ಆ ಪಾಲಿಶಿನ ಬೆಲೆ ಗೊತ್ತು. ನಾಯಿ ಪೂರಾ ಆರೋಗ್ಯವಾಗಿರುವಾಗಲೇ ಅದರ ಮೈ 101ರಿಂದ 102.5 ಡಿಗ್ರಿ ಇರುತ್ತದೆ. ಇದು ತಿಳಿಯದ ಹೊಸ ಮಾಲೀಕರು ಎಷ್ಟೋ ಜನ ಆರಾಮಾಗಿ ಮಲಗಿದ ನಾಯಿಗೆ ಒದ್ದೆಬಟ್ಟೆ ಹೊದಿಸಿ ಅಳುತ್ತಾ ಕೂತದ್ದುಂಟು. ಕೆಂಚನಿಗೆ 104 ಇತ್ತು. ಸಿಂಬ ಅಮ್ಮ ಅವನ ತುಟಿ ಎತ್ತಿ ವಸಡನ್ನು ಹೆಬ್ಬೆರಳಿಂದ ಒತ್ತಿ ಬಿಟ್ಟರು. ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪೇರಬೇಕಂತೆ. ಏರಿತು, ಆದರೆ ಒಟ್ಟಾರೆ ಬಣ್ಣವೇ ಸಪ್ಪೆಯಾಗಿತ್ತು. ಆಮೇಲೆ ಕಿವಿಯ ಮಡಿಕೆಯೊಳಗೆ, ಕಾಲ್ಬೆರಳ ಸಂದಿನಲ್ಲಿ ಕಣ್ಣಾಡಿಸಿ, ಹೊಟ್ಟೆ ಉಬ್ಬಿದ ಒಂದು ಉಣ್ಣೆಯನ್ನು ಚಿಮಟದಿಂದ ಬುಡಸಮೇತ ಕಿತ್ತು ನನ್ನ ಕಾಫಿ ಲೋಟದ ಪಕ್ಕದಲ್ಲಿಟ್ಟರು. “ಟಿಕ್ ಫೀವರ್ ಇರಬಹುದು. ಬ್ಲಡ್ ಟೆಸ್ಟ್ ಮಾಡಿಸೋಣ, ಏಳಿ.” ಬ್ಯಾಂಕಿನಲ್ಲಿ ಹಳೇ ಸಾಲ ವಸೂಲು ಮಾಡುತ್ತಿದ್ದ ದನಿ ಅದು, ಎದ್ದೆ.

ಟೆಸ್ಟಿನಲ್ಲಿ ಪ್ಲೇಟ್‌ಲೆಟ್ ಪಾತಾಳಕ್ಕೆ ಇಳಿದಿತ್ತು. ಉಣ್ಣೆ ಕಚ್ಚಿದಾಗ ರಕ್ತಕ್ಕೆ ಸೇರುವ ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾದ ಕೆಲಸ. ಕ್ಲಿನಿಕ್ಕಿನಲ್ಲಿ ಡ್ರಿಪ್ ಹಾಕಿದರು. ಇದ್ದ ಒಂದು ಸ್ಟ್ಯಾಂಡು ಆಗಲೇ ಒಂದು ಪೊಮೆರೇನಿಯನ್ನಿನ ಪಾಲಾಗಿತ್ತು. ಭೀಮ ವಕೀಲರು ಕೋಟಿನ ತೋಳು ಏರಿಸಿ, ಬಾಟಲಿಯನ್ನು ಎತ್ತಿ ಹಿಡಿದು, ಅದು ಖಾಲಿಯಾಗುವವರೆಗೆ ಗೋಡೆಗೊರಗಿ ನಿಂತರು. ಹೈಕೋರ್ಟಿನಲ್ಲಿ ಅವರು ಅಷ್ಟು ಹೊತ್ತು ಬಾಯಿ ಮುಚ್ಚಿ ನಿಂತ ದಾಖಲೆ ಇಲ್ಲ.

ಸುದ್ದಿ ಹರಡಿದ ಮೇಲೆ ಸಲಹೆಗಳ ಜಾತ್ರೆ ಶುರುವಾಯಿತು. ಪಪ್ಪಾಯಿ ಎಲೆಯ ರಸ ಕುಡಿಸಿ ಎಂದರು ಲಡ್ಡು ಅಪ್ಪ. ಮೂರು ದಾರಿ ಕೂಡುವಲ್ಲಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಎಂದರು ಅವರ ಅತ್ತೆ. ಬಾಗಲಕೋಟೆ ಕಡೆಯಿಂದ ಬಂದ ಒಬ್ಬರು ನಮ್ಮಲ್ಲಿದ್ದಾರೆ, ಮುಧೋಳ ನಾಯಿ ಸಾಕಿದವರು. “ಏನೂ ಆಗೂದಿಲ್ರೀ ಸರ್ರ, ಬಯಲಾಗ ನಾಕು ಸುತ್ತು ಓಡ್ಸ್ರಿ, ಎಲ್ಲಾ ಆರಾಮಾಗ್ತೈತಿ” ಅಂದರು. ಅವರ ಪ್ರಕಾರ ಓಟದಿಂದ ಗುಣವಾಗದ ರೋಗವೇ ಇಲ್ಲ. ಅವರ ನಾಯಿಯ ಪಕ್ಕೆಲುಬು ನೋಡಿ ಕನಿಕರಪಟ್ಟು “ಊಟ ಹಾಕಲ್ವೇನ್ರೀ?” ಎಂದವರಿಗೆಲ್ಲ ಅವರು ಜೇಬಿನಿಂದ 2005ರಲ್ಲಿ ಅಂಚೆ ಇಲಾಖೆ ಹೊರಡಿಸಿದ ಮುಧೋಳ ನಾಯಿಯ ಸ್ಟಾಂಪು ತೆಗೆದು ತೋರಿಸುತ್ತಾರೆ. ಆ ತಳಿಯ ಮೈಕಟ್ಟೇ ಅಷ್ಟು, ಭಾರತ ಸರ್ಕಾರವೇ ಒಪ್ಪಿದೆ ಎಂಬ ದಾಖಲೆ ಅದು.

ಈ ಸಲಹೆಗಳಲ್ಲಿ ಮುಕ್ಕಾಲು ಪಾಲು ಡಾಕ್ಟರ ಮುಂದೆ ಹೇಳುವಂಥವಲ್ಲ. ಆದರೆ ಪಪ್ಪಾಯಿ ಎಲೆ ಎಂದವರು ಬೆಳಿಗ್ಗೆ ಐದೂವರೆಗೆ ಯಾರದೋ ಕಾಂಪೌಂಡಿಗೆ ಕೈ ಹಾಕಿ ಕಿತ್ತ ಎಲೆಗಳ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಓಡಿಸಿ ಎಂದವರು ಕ್ಲಿನಿಕ್ಕಿಗೆ ತಮ್ಮ ಕಾರು ಓಡಿಸಿದರು. ನೆಂಟರಿಷ್ಟರಲ್ಲಿ ಸಲಹೆ ಮಾತ್ರ ಫೋನಿನಲ್ಲಿ ಬರುವುದು ವಾಡಿಕೆ. ಇಲ್ಲಿ ಸಲಹೆಯ ಹಿಂದೆಯೇ ಮನುಷ್ಯರೂ ಬರುತ್ತಾರೆ.

ನಿಜವಾದ ಕಷ್ಟ ಮಾತ್ರೆಯದು. ಡಾಕ್ಸಿಸೈಕ್ಲಿನ್ ಮೂರು ನಾಲ್ಕು ವಾರ ತಪ್ಪದೆ ಹೋಗಬೇಕು, ಖಾಲಿ ಹೊಟ್ಟೆಗೆ ಕೊಡಬಾರದು, ಹಾಲು ಮೊಸರು ಪನೀರಿನ ಜೊತೆಯೂ ಬೇಡ, ಔಷಧಿ ಮೈಗೆ ಹತ್ತುವುದು ಕಮ್ಮಿಯಾಗುತ್ತದೆ. ಪೇಡದಲ್ಲಿ ಹುದುಗಿಸಿ ಕೊಡುವ ನಮ್ಮ ಮೊದಲ ಯೋಜನೆ ಅಲ್ಲಿಗೆ ಬಿತ್ತು. ಇಡ್ಲಿಯಲ್ಲಿಟ್ಟೆವು, ಕೆಂಚ ಇಡ್ಲಿ ತಿಂದು ಮಾತ್ರೆಯನ್ನು ತೊಳೆದಿಟ್ಟಷ್ಟು ಚೊಕ್ಕವಾಗಿ ನೆಲಕ್ಕಿಟ್ಟ. ಪುಡಿ ಮಾಡಿದೆವು, ಅನ್ನವನ್ನೇ ಬಿಟ್ಟ. ಆಗ ಟಾಮಿ ತಾತ ಮಂಡ್ಯದ ಕಡೆಯ ವಿದ್ಯೆ ತೋರಿಸಿದರು. ಮುದ್ದೆಯನ್ನು ಮೂರು ಸಣ್ಣ ಉಂಡೆ ಮಾಡಿ, ಕೋಳಿ ಬೇಯಿಸಿದ ನೀರಿನಲ್ಲಿ ಅದ್ದಿದರು. (ಸಾರಿನಲ್ಲಿ ಅದ್ದುವ ಹಾಗಿಲ್ಲ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನೇ ಒಡೆದುಹಾಕುತ್ತವೆ, ಅದರಲ್ಲೂ ಇವನಿಗೆ ರಕ್ತವೇ ಕಮ್ಮಿ.) ಮೊದಲನೇ ಉಂಡೆ ಬರೀ ಮುದ್ದೆ, ನಂಬಿಕೆ ಹುಟ್ಟಿಸುವುದಕ್ಕೆ. ಎರಡನೆಯದರಲ್ಲಿ ಮಾತ್ರೆ. ಎರಡನೆಯದನ್ನು ಬಾಯಿಗೆ ಹಾಕುವಾಗಲೇ ಮೂರನೆಯದು ಮೂಗಿನ ಮುಂದೆ ಬಂದಿರಬೇಕು. ಅದರ ಆಸೆಗೆ ಇದನ್ನು ಗುಳುಂ ಅನ್ನಿಸಿಬಿಡುತ್ತಾನೆ. “ಮುದ್ದೆ ಅಗಿಯೋದಲ್ಲಪ್ಪ, ನುಂಗೋದು. ನಿಮ್ಮನೇವ್ರಿಗೂ ಗೊತ್ತಿಲ್ಲ, ಇವನೊಬ್ಬ ಕಲ್ತ” ಎಂದು ನನ್ನ ಕಡೆ ನೋಡಿ ಹೇಳಿ ಕೈ ತೊಳೆದುಕೊಂಡರು.

ಚೇತರಿಕೆಗೆ ಕೋಳಿ ಲಿವರ್ ಒಳ್ಳೆಯದು ಎಂದವರು ಪುಟ್ಟಿ ಅಮ್ಮ. ಪುಟ್ಟಿ ಎಂದರೆ ಒಂದು ಬೀಗಲ್. ಆ ಮನೆಗೆ ಮೊಟ್ಟೆ ಹಾಕಿದ ಕೇಕು ಕೂಡ ಬಂದದ್ದಿಲ್ಲ. ಅತ್ತೆಯವರು ಏಕಾದಶಿಗೆ ನೀರೂ ಮುಟ್ಟದವರು. ಆದರೆ ಪುಟ್ಟಿ ಬಂದ ಮೇಲೆ ತಾರಸಿಯ ಮೇಲೆ ನೀರಿನ ಟ್ಯಾಂಕಿನ ಮರೆಯಲ್ಲಿ ಒಂದು ಬೇರೆ ಸ್ಟವ್, ಬೇರೆ ಕುಕ್ಕರ್, ಬೇರೆ ಸೌಟು ಹುಟ್ಟಿಕೊಂಡವು. ಕೋಳಿ ಅಂಗಡಿಯ ಹುಡುಗ ಆಕೆಯನ್ನು ದೂರದಿಂದಲೇ ನೋಡಿ ‘ಕಾಲು ಕೆಜಿ ಲಿವರ್’ ಎಂದು ಕಟ್ಟಲು ಶುರುಮಾಡುತ್ತಾನೆ. ಆಕೆ ಆ ಕಡೆ ಮುಖ ತಿರುಗಿಸಿ ಈ ಕಡೆ ಕೈ ಚಾಚುತ್ತಾರೆ. ಕೆಂಚನ ಪಾಲು ಅಲ್ಲಿಂದಲೇ ಸ್ಟೀಲ್ ಡಬ್ಬಿಯಲ್ಲಿ ಬಂತು. ಕೊಡುವಾಗ “ಉಪ್ಪು ಸರಿಯಾಗಿದೆಯೋ ಇಲ್ವೋ, ನಾನು ರುಚಿ ನೋಡಿಲ್ಲ” ಎಂದು ಅಭ್ಯಾಸಬಲದಿಂದ ಹೇಳಿ, ನಾಲಿಗೆ ಕಚ್ಚಿಕೊಂಡು, “ಉಪ್ಪೇ ಹಾಕಿಲ್ಲ ಬಿಡಿ” ಎಂದರು.

ಎದುರುಮನೆಯವರೊಬ್ಬರು ಇದನ್ನೆಲ್ಲ ನೋಡಿ “ಮನುಷ್ಯರಿಗೇ ಗತಿಯಿಲ್ಲ, ನಾಯಿಗೆ ಡ್ರಿಪ್ಪು, ಲಿವರು. ಈಗಿನ ಕಾಲದ ಹುಚ್ಚು” ಎಂದರು. ವಕೀಲರಿಗೆ ಇಂಥದ್ದು ಸಿಕ್ಕರೆ ಹಬ್ಬ. ಮಂಡ್ಯ ಜಿಲ್ಲೆಯ ಆತಕೂರು ಶಾಸನ ತೆಗೆದರು. ಹತ್ತನೇ ಶತಮಾನ, ರಾಷ್ಟ್ರಕೂಟರೂ ಗಂಗರೂ ಸೇರಿ ತಕ್ಕೋಲದಲ್ಲಿ ಚೋಳರನ್ನು ಬಡಿದ ಕಾಲ. ಮಣಲೇರನೆಂಬ ವೀರನ ಕಾದಾಟಕ್ಕೆ ಮೆಚ್ಚಿ ಅರಸ ಏನು ಬೇಕು ಕೇಳು ಎಂದರೆ, ಆತ ಕೇಳಿದ್ದು ಹೊನ್ನಲ್ಲ, ಊರಲ್ಲ, ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿ ಕಾಡುಹಂದಿಯ ಜೊತೆ ಕಾದಾಡಿ, ಎರಡೂ ಸತ್ತವು. ಮಣಲೇರ ನಾಯಿಗೆ ಕಲ್ಲು ನಿಲ್ಲಿಸಿ ಗದ್ದೆ ಬಿಡಿಸಿದ. ಆ ಕಲ್ಲಿಗೆ ಪೂಜೆ ಮಾಡದೆ ಉಣ್ಣುವ ಪೂಜಾರಿಗೆ ಪಾಪ ತಗಲುತ್ತದೆ ಎಂದೂ ಕೆತ್ತಿಸಿದ. “ಕಲ್ಲು ಕಸ್ತೂರಬಾ ರಸ್ತೆ ಮ್ಯೂಸಿಯಮ್ಮಿನಲ್ಲಿದೆ, ಹೋಗಿ ನೋಡಿ. ಸಾವಿರ ವರ್ಷದ ಹಿಂದಿನ ಹುಚ್ಚು ಇದು. ನೀವು ಹೊಸಬರು, ಅಷ್ಟೆ” ಎಂದು ವಾದ ಮುಗಿಸಿದರು.

ಇದೇ ವಕೀಲರು ಒಮ್ಮೆ ಭೀಮನಿಗೆ ಸೊಂಟ ಹಿಡಿದಿದೆ ಎಂದು ತಮ್ಮ ಮಂಡಿನೋವಿನ ಮಾತ್ರೆಯಲ್ಲಿ ಅರ್ಧ ಮುರಿದು ಕೊಡಲು ಹೊರಟಿದ್ದರು. ಸಿಂಬ ಅಮ್ಮ ಕೈ ಹಿಡಿದು ನಿಲ್ಲಿಸಿದರು. ಮನುಷ್ಯರ ನೋವಿನ ಮಾತ್ರೆ ಎಷ್ಟೋ ನಾಯಿಗಳ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನೇ ಕೆಡಿಸಿದೆ. ಪ್ರೀತಿ ಉಕ್ಕಿದಾಗಲೇ ನಾವು ಹೆಚ್ಚು ಅಪಾಯಕಾರಿ: ಹುಟ್ಟುಹಬ್ಬಕ್ಕೆ ಚಾಕೊಲೇಟು, ಪ್ರಸಾದದ ದ್ರಾಕ್ಷಿ. ಎರಡೂ ನಾಯಿಗೆ ವಿಷ.

ಶಿಕ್ಷಣ ಇಲಾಖೆಯೂ ಸಿಂಬ ಅಮ್ಮನದೇ. ಭಾನುವಾರ ಖಾಲಿ ಸೈಟಿನಲ್ಲಿ ತರಗತಿ. ಹಾಜರಿ ನಾಯಿಗಳದು, ಪಾಠ ನಮಗೆ. ಕೂತ ತಕ್ಷಣ ತಿಂಡಿ ಕೊಡಬೇಕು. ಜೇಬು ತಡಕಾಡುವಷ್ಟರಲ್ಲಿ ಅದು ಎದ್ದರೆ, ಎದ್ದಿದ್ದಕ್ಕೇ ಬಹುಮಾನ ಎಂದು ಲೆಕ್ಕ ಬರೆದುಕೊಳ್ಳುತ್ತದೆ. ಮನೆಯವರೆಲ್ಲ ಒಂದೇ ಮಾತು ಬಳಸಬೇಕು. ನಾನು ‘ಬಾ’, ಹೆಂಡತಿ ‘ಬಾರೋ ನನ್ನಪ್ಪ, ಎಷ್ಟು ಹೊತ್ತು ಕರೀಲಿ’, ವೀಡಿಯೊ ಕಾಲಿನಿಂದ ಮಗ ‘ಕಮ್ ಹಿಯರ್’ ಎಂದರೆ, ಇವು ಮನುಷ್ಯರು ಸುಮ್ಮನೆ ಮಾಡುವ ಸದ್ದು ಎಂದು ಕೆಂಚ ತೀರ್ಮಾನಿಸುತ್ತಾನೆ. ಬೈಯುವುದಕ್ಕೆಂದು ಹೆಸರು ಹಿಡಿದು ಕರೆಯಲೇಬಾರದು. ಕರೆದಾಗ ಒಳ್ಳೆಯದೇ ಆಗಬೇಕು, ಆಗ ಬರುತ್ತದೆ. ಇದನ್ನು ನನ್ನ ಆಫೀಸಿನ ಮೇಲಧಿಕಾರಿಗೆ ಯಾರಾದರೂ ಕಲಿಸಿದ್ದರೆ ನಾನು ಇನ್ನೂ ನಾಲ್ಕು ವರ್ಷ ಉತ್ಸಾಹದಿಂದ ದುಡಿಯುತ್ತಿದ್ದೆ.

ಅತಿ ಕಷ್ಟದ ಪಾಠ ಚೈನು ಎಳೆಯುವುದರದು. ನಾಯಿ ಎಳೆದ ಕ್ಷಣ ನಾವು ಮರದ ಹಾಗೆ ನಿಂತುಬಿಡಬೇಕು. ಚೈನು ಸಡಿಲವಾದರೆ ಮಾತ್ರ ಮುಂದಿನ ಹೆಜ್ಜೆ. ಹೇಳುವುದಕ್ಕೆ ಸುಲಭ. ಹಾಲಿನ ಬೂತಿನ ತಿರುವಿನಲ್ಲಿ ನಾನು ಮರವಾಗಿ ನಿಂತಿದ್ದಾಗ ಒಂದು ಆಟೋ ನಿಂತಿತು. “ಸಾರ್, ಹುಷಾರಾಗಿದೀರಾ? ಸಕ್ಕರೆ ಕಮ್ಮಿ ಆಯ್ತಾ?” ನಾನು ತಲೆಯನ್ನಷ್ಟೇ ಅಲ್ಲಾಡಿಸಿದೆ. ಚಾಲಕ ಇಳಿದು ಬಂದು, ನನ್ನ ಬಾಯಿಗೆ ಒಂದು ಬಿಸ್ಕತ್ತು ಹಿಡಿದ. ಕೆಂಚ ತಕ್ಷಣ ಅವನ ಎದುರು ಚಕ್ಕಂಬಕ್ಕಲು ಹಾಕಿದಷ್ಟು ಶಿಸ್ತಿನಿಂದ ಕೂತ. ಅಲ್ಲಿಯವರೆಗೆ ಒಂದು ಭಾನುವಾರವೂ ಅವನು ಹಾಗೆ ಕೂತಿರಲಿಲ್ಲ.

ಈಚೆಗೆ ಒಬ್ಬ ಹುಡುಗ ಸೇರಿಕೊಂಡಿದ್ದಾನೆ, ಲ್ಯಾಬ್ರಡಾರ್ ಮರಿಯನ್ನು ಜಾಕೆಟ್ಟಿನೊಳಗೆ ಇಟ್ಟುಕೊಂಡು ಬರುತ್ತಾನೆ. ಲಸಿಕೆಗಳು ಪೂರ್ತಿ ಮುಗಿಯುವವರೆಗೆ ಮರಿಯನ್ನು ಬೀದಿಗೆ ಇಳಿಸಬಾರದು ಎಂಬುದು ಬಳಗದ ಕಟ್ಟಪ್ಪಣೆ. ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಕಾದು ಕೂತಿರುತ್ತದೆ, ಬಂದರೆ ವಾಂತಿ, ರಕ್ತಭೇದಿ, ಮರಿ ಉಳಿಯುವುದು ಕಷ್ಟ. ಇದನ್ನೆಲ್ಲ ಕೇಳಿ ಹೆದರಿದ್ದ ಹುಡುಗ ಒಂದು ಮಧ್ಯಾಹ್ನ, ನಾನು ಊಟಕ್ಕೆ ಕೂತಿರುವಾಗ, ಫೋಟೊ ಕಳಿಸಿದ. ‘ಅಂಕಲ್, ಕೆಂಪು!!!’ ನಾನು ಎಡಗೈಯಲ್ಲಿ ದೊಡ್ಡದು ಮಾಡಿ ನೋಡಿದೆ. ಹೆಂಡತಿಯೂ ಬಗ್ಗಿ ನೋಡಿ, ಹುಳಿ ಬಡಿಸುತ್ತಲೇ “ಬೀಟ್‌ರೂಟ್ ಹಾಕಿದಾರಾ ಕೇಳಿ” ಎಂದಳು. ಹತ್ತು ನಿಮಿಷದ ಮೇಲೆ ಉತ್ತರ ಬಂತು: ‘ಅಜ್ಜಿ ಪಲ್ಯ ಹಾಕಿದ್ರಂತೆ.’

ಕಳೆದ ತಿಂಗಳು ಲಡ್ಡು ಅಪ್ಪನ ಮಗಳ ಮದುವೆ. ಕರೆಯೋಲೆಯನ್ನು ಹೊಂಗೆಮರದ ಕೆಳಗೇ ಹಂಚಿದ್ದರು. ಲಕೋಟೆಯ ಮೇಲೆ ‘ಶ್ರೀ ಕೆಂಚ ಮತ್ತು ಕುಟುಂಬ’. ಒಳಗಿನ ಓಲೆಯನ್ನು ಮನೆಯಲ್ಲೇ ಮರೆತು, ಛತ್ರದ ಹೆಸರಿನ ನೆನಪಿನ ಮೇಲೆ ಎಲ್ಲರೂ ಹೊರಟೆವು. ಹೋದರೆ ಒಂದೇ ಕಟ್ಟಡದಲ್ಲಿ ಮೇಲೊಂದು ಕೆಳಗೊಂದು, ಎರಡು ಮದುವೆ. ಬಾಗಿಲಲ್ಲಿ ಹೂವಿನಲ್ಲಿ ಬರೆದ ನಾಲ್ಕು ಹೆಸರುಗಳಲ್ಲಿ ಒಂದೂ ನಮಗೆ ಪರಿಚಯದ್ದಲ್ಲ. ವಕೀಲರು, ಸಿಂಬ ಅಮ್ಮ, ಟಾಮಿ ತಾತ, ನಾವಿಬ್ಬರು ರೇಷ್ಮೆ ಉಟ್ಟುಕೊಂಡು ಬೋರ್ಡಿನ ಮುಂದೆ ಕಣ್ಣು ಕಿರಿದು ಮಾಡಿ ನಿಂತೆವು. ಪನ್ನೀರು ಚಿಮುಕಿಸುತ್ತಿದ್ದ ಹುಡುಗಿ ಮರ್ಯಾದೆಯಿಂದ ಕೇಳಿದಳು: “ಹೆಣ್ಣಿನ ಕಡೆಯವರೋ, ಗಂಡಿನ ಕಡೆಯವರೋ?”

ಟಾಮಿ ತಾತ ಗಂಟಲು ಸರಿಪಡಿಸಿಕೊಂಡರು. “ನಾವು ಲಡ್ಡು ಕಡೆಯವರಮ್ಮ.”

“ಓ, ಬನ್ನಿ ಬನ್ನಿ, ಮೇಲಕ್ಕೆ ಹೋಗಿ. ವಧುವಿನ ರೂಮಿನ ಪಕ್ಕದ ರೂಮಲ್ಲಿದಾನೆ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಎಲ್ಲರೂ ನಿಮ್ಮನ್ನೇ ಕಾಯ್ತಿದಾರೆ.”

ಸಿಂಬ ಅಮ್ಮ ಆಗಲೇ ಮೆಟ್ಟಿಲು ಹತ್ತುತ್ತಾ ವ್ಯಾನಿಟಿ ಬ್ಯಾಗಿನಲ್ಲಿ ಥರ್ಮಾಮೀಟರ್ ಹುಡುಕುತ್ತಿದ್ದರು.